ಪಿಕಾಚು ಎಂಟು ಇದ್ರೂ ಓಕೆ, ಚಾರಿಜಾರ್ಡ್ ಐದಾದ್ರೆ ಯಾಕೆ ತಪ್ಪು?

ಪ್ರಶ್ನೆ: ಸರ್ ನಮಸ್ಕಾರ್ರಿ. ನಾವು ಬೆಳಗಾವಿ ಕಡೆಯವ್ರು, ಈಗ ಪುಣೆದಾಗ ಕೋಥ್ರೂಡ್‌ನಾಗ ಇರ್ತೀವಿ. ನನ್ನ ಮಗ ಆರನೇ ಕ್ಲಾಸು, ಪೊಕೆಮಾನ್ ಕಾರ್ಡ್ ಅಂದ್ರ ಅವಗ ಊಟ ಬ್ಯಾಡ ನಿದ್ದಿ ಬ್ಯಾಡ. 2025ರ ಮಳಿಗಾಲದಾಗ ಒಂದು ಅಂಗಡಿಯೊಳಗ ಸಣ್ಣ ಟೂರ್ನಮೆಂಟ್ ಇತ್ತು, ಕರ್ಕೊಂಡು ಹೋಗಿದ್ದೆ. ಆಟ ಶುರು ಆಗೋ ಮೊದಲ ಅಲ್ಲಿನ ಜಡ್ಜ್ ಇವನ ಡೆಕ್, ಅಂದ್ರ ಆಟಕ್ಕ ಕಟ್ಟಿಕೊಂಡ ಕಾರ್ಡಿನ ಕಟ್ಟು, ನೋಡಿ ಮೂರು ತಪ್ಪು ತಗದ್ರು. ಚಾರಿಜಾರ್ಡ್ ಇಎಕ್ಸ್ ಐದು ಇದ್ವು, ಮೂರು ಒಂದು ಥರದ್ದು, ಎರಡು ಬ್ಯಾರೆ ಥರದ್ದು, ಚಿತ್ರ ಬ್ಯಾರೆ, ಅಟ್ಯಾಕ್ ಬ್ಯಾರೆ, ಟೈಪ್ ಸಹಿತ ಬ್ಯಾರೆ, ಆದ್ರೂ ಐದು ನಡೆಯಂಗಿಲ್ಲ ಅಂದ್ರು. ಪ್ರೊಫೆಸರ್ಸ್ ರಿಸರ್ಚ್ ಅನ್ನೋ ಕಾರ್ಡು ಒಬ್ಬ ಪ್ರೊಫೆಸರ್ ಇದ್ದದ್ದು ಮೂರು, ಇನ್ನೊಬ್ರದ್ದು ಎರಡು, ಅದೂ ಬ್ಯಾಡ ಅಂದ್ರು. ನನ್ನ ತಮ್ಮ ಅಮೆರಿಕಾದಿಂದ ತಂದ ಹಳೇ ಡಬ್ಬಿಯೊಳಗಿನ ಚಾರ್ಮಾಂಡರ್ ಬ್ಯಾಡ, ಆದ್ರ ಅದೇ ಡಬ್ಬಿಯ ಹಳೇ ಅಲ್ಟ್ರಾ ಬಾಲ್ ನಡೀತದ ಅಂದ್ರು! ಬಾಜೂಕ ಕುಂತ ಹುಡುಗನ ಡೆಕ್‌ನಾಗ ಪಿಕಾಚು ನಾಕು, ಪಿಕಾಚು ಇಎಕ್ಸ್ ನಾಕು, ಒಟ್ಟು ಎಂಟು, ಅವಗ ಏನೂ ಅನ್ನಲಿಲ್ಲ. ಗುರ್ತಿನವರ ಮಗ ಅಂತ ಬಿಟ್ರೇನು? ನಮ್ಮ ಅಣ್ಣನ ಮಗ ಠಾಣೆದಾಗ ಮ್ಯಾಜಿಕ್ ಅನ್ನೋ ಕಾರ್ಡ್ ಆಟ ಆಡ್ತಾನ, ನನ್ನ ಮಗಳು ಯು-ಗಿ-ಓ ಅನ್ನೋ ಇನ್ನೊಂದು ಕಾರ್ಡ್ ಆಟ ಆಡ್ತಾಳ, ಇಬ್ರೂ ಒಂದೊಂದು ರೂಲ್ ಹೇಳಿ ನನ್ನ ತಲಿ ಕೆಡಿಸ್ಯಾರ. ಸ್ವಲ್ಪ ಬಿಡಿಸಿ ಹೇಳ್ರಿ.

ಉತ್ತರ:

ಅಕ್ಕಾ, ಮೊದ್ಲು ಮಗನಿಗೆ ಇದನ್ನ ಹೇಳಿ, ಅವನಿಗೆ ಅಲ್ಲಿ ಮೋಸ ಆಗಿಲ್ಲ. ಚಾರಿಜಾರ್ಡ್ ಐದು ಬೇಡ ಅಂದಿದ್ದು, ಪ್ರೊಫೆಸರ್ ಐದು ಬೇಡ ಅಂದಿದ್ದು, ಹಳೇ ಚಾರ್ಮಾಂಡರ್ ಬೇಡ ಹಳೇ ಅಲ್ಟ್ರಾ ಬಾಲ್ ಬೇಕಾದ್ರೆ ಇರ್ಲಿ ಅಂದಿದ್ದು, ಪಕ್ಕದ ಹುಡುಗನ ಎಂಟು ಪಿಕಾಚು ಬಿಟ್ಟಿದ್ದು, ಎಲ್ಲಾನೂ ರೂಲ್ ಪ್ರಕಾರ ಸರಿಯಾಗೇ ಇದೆ. ಆದ್ರೆ ಯಾಕೆ ಅಂತ ಎರಡು ನಿಮಿಷ ಕೂತು ಆ ಮಗುಗೆ ಬಿಡಿಸಿ ಹೇಳದೆ ಬರೀ ನಡೆಯಲ್ಲ ಅಂದು ಮುಂದಿನ ಟೇಬಲ್‌ಗೆ ಹೋಗಿದ್ರೆ ಅದು ಮಾತ್ರ ನನಗೆ ಸರಿ ಅನ್ನಿಸಲ್ಲ. ಹನ್ನೊಂದು ವರ್ಷದ ಹುಡುಗನ ಕಣ್ಣಿಗೆ ಈ ನಾಲ್ಕು ತೀರ್ಮಾನಗಳು ಒಂದಕ್ಕೊಂದು ಉಲ್ಟಾ ಕಾಣ್ಸೋದು ಸಹಜ. ಬೇರೆ ಬೇರೆ ಇರೋ ಕಾರ್ಡನ್ನ ಇವನಿಗೆ ಒಂದೇ ಅಂದ್ರು, ಅಲ್ಲಿ ಒಂದೇ ಪಿಕಾಚುನ ಬೇರೆ ಬೇರೆ ಅಂದ್ರು, ಹಳೇದು ಒಂದು ಆಯ್ತು ಒಂದು ಆಗ್ಲಿಲ್ಲ. ಗೊಂದಲ ಆಗದೆ ಇರುತ್ತಾ?

ಇದರ ಕೀಲಿ ಎಲ್ಲಿದೆ ಅಂದ್ರೆ, ಡೆಕ್ ಚೆಕ್ ಮಾಡುವಾಗ ಜಡ್ಜ್ ಪ್ರತಿ ಕಾರ್ಡಿಗೂ ಎರಡು ಬೇರೆ ಬೇರೆ ಪ್ರಶ್ನೆ ಕೇಳ್ತಾರೆ. ಒಂದು, ಇದು ಎಷ್ಟು ಇದೆ? ಇನ್ನೊಂದು, ಇದು ಈ ಟೂರ್ನಮೆಂಟಿಗೆ ಬರಬಹುದಾ? ಎಷ್ಟು ಅನ್ನೋ ಪ್ರಶ್ನೆಗೆ ಕಾರ್ಡಿನ ಹೆಸರು ಮಾತ್ರ ನೋಡ್ತಾರೆ, ಪ್ರತ್ಯೇಕ ಮಿತಿ ಬರೆದಿದ್ರೆ ಅದು ಬಿಟ್ಟು ಬೇರೇನೂ ನೋಡಲ್ಲ. ಬರಬಹುದಾ ಅನ್ನೋ ಪ್ರಶ್ನೆಗೆ ಹೆಸರೂ ನೋಡ್ತಾರೆ, ಒಳಗೆ ಬರೆದಿರೋದೂ ನೋಡ್ತಾರೆ. ನಿಮ್ಮ ಮಗ, ಅವನೊಬ್ಬನೇ ಅಲ್ಲ ಇಲ್ಲಿ ಮುಂಬೈನಲ್ಲಿ ನಾನು ನೋಡೋ ಎಷ್ಟೋ ದೊಡ್ಡವರು ಕೂಡ, ಈ ಎರಡನ್ನೂ ಕಲಸಿಬಿಡ್ತಾರೆ, ಜಗಳ ಎಲ್ಲಾ ಅಲ್ಲಿಂದ್ಲೇ ಶುರು.

ಪೊಕೆಮಾನ್ ಡೆಕ್‌ನ ಮೂಲ ರೂಲ್ ಚಿಕ್ಕದು. ಸರಿಯಾಗಿ 60 ಕಾರ್ಡ್ ಇರ್ಬೇಕು, 59 ಆಗಲ್ಲ 61ಉ ಆಗಲ್ಲ. ಒಂದೇ ಹೆಸರಿನ ಕಾರ್ಡ್ 4ಕ್ಕಿಂತ ಜಾಸ್ತಿ ಇರಬಾರ್ದು, ಅಟ್ಯಾಕ್ ಮಾಡೋಕೆ ಶಕ್ತಿ ಕೊಡೋ ಮಾಮೂಲಿ ಕಾರ್ಡ್ ಬೇಸಿಕ್ ಎನರ್ಜಿ ಒಂದಕ್ಕೆ ಮಾತ್ರ ಈ ಲೆಕ್ಕ ಇಲ್ಲ, ಅದು ಎಷ್ಟು ಬೇಕಾದ್ರೂ ಹಾಕ್ಬಹುದು. ಬೇಸಿಕ್ ಪೊಕೆಮಾನ್, ಅಂದ್ರೆ ಇನ್ನೊಂದು ಕಾರ್ಡಿನ ಮೇಲಲ್ಲದೆ ನೇರವಾಗಿ ಇಡಬಹುದಾದ ಪೊಕೆಮಾನ್, ಕಡೇಪಕ್ಷ ಒಂದಾದ್ರೂ ಇರ್ಬೇಕು, ಇಲ್ಲಾಂದ್ರೆ ಆಟ ಶುರು ಮಾಡೋಕೇ ಆಗಲ್ಲ. ನಿಮ್ಮ ಮಗ ಫೋನಲ್ಲಿ ಪೊಕೆಮಾನ್ ಪಾಕೆಟ್ ಆಡ್ತಿದ್ರೆ ಅದನ್ನ ಇಲ್ಲಿ ಪೂರ್ತಿ ಮರೀಬೇಕು, ಯಾಕಂದ್ರೆ 2024ರ ಅಕ್ಟೋಬರ್‌ನಲ್ಲಿ ಬಂದ ಆ ಆ್ಯಪ್‌ನಲ್ಲಿ ಡೆಕ್ 20 ಕಾರ್ಡಿಂದು, ಒಂದು ಹೆಸರಿಗೆ 2 ಮಾತ್ರ, ಎನರ್ಜಿ ಕಾರ್ಡ್ ಡೆಕ್ ಒಳಗೆ ಇರೋದೇ ಇಲ್ಲ. ಆ್ಯಪಲ್ಲಿ ಕಲಿತು ಟೇಬಲ್‌ಗೆ ಬರೋ ಮಕ್ಕಳು ಈಗ ತುಂಬಾ ಜನ, ಎರಡೂ ರೂಲ್ ತಲೇಲಿ ಕಲಸಿಕೊಂಡು ಬರ್ತಾರೆ.

ಈಗ ಒಂದೇ ಹೆಸರು ಅಂದ್ರೆ ಏನು, ಇಡೀ ವಿಷಯ ನಿಂತಿರೋದೇ ಇದರ ಮೇಲೆ. ಕಾರ್ಡಿನ ಮೇಲ್ಗಡೆ ದೊಡ್ಡಕ್ಷರದಲ್ಲಿ ಅಚ್ಚಾಗಿರೋದು ಪೂರ್ತಿಯಾಗಿ, ಶುರುವಿಂದ ಕೊನೇವರೆಗೆ, ಅದೇ ಹೆಸರು. ಕೊನೇಲಿ ಇಎಕ್ಸ್ ಅಂತ ಇದ್ರೆ ಅದೂ ಹೆಸರೇ, ವಿ, ವಿಮ್ಯಾಕ್ಸ್, ವಿಸ್ಟಾರ್, ಜಿಎಕ್ಸ್ ಇದ್ರೆ ಅದೂ ಹೆಸರೇ. ಮುಂದೆ ಆಲೋಲನ್, ಗಲಾರಿಯನ್ ಅಂತ ಊರು ಸೇರಿದ್ರೆ ಅದೂ ಹೆಸರು, ಎನ್ಸ್, ಟೀಮ್ ರಾಕೆಟ್ಸ್ ಅಂತ ಮಾಲೀಕರ ಹೆಸರು ಸೇರಿದ್ರೆ ಅದೂ ಹೆಸರು. ಮುಂಬೈ–ಪುಣೆ ಓಡಾಡೋರಿಗೆ ಇದು ಗೊತ್ತಿರೋ ವಿಷಯಾನೇ, ಡೆಕ್ಕನ್ ಕ್ವೀನ್‌ಗೂ ಡೆಕ್ಕನ್ ಎಕ್ಸ್‌ಪ್ರೆಸ್‌ಗೂ ಡೆಕ್ಕನ್ ಅನ್ನೋದು ಇದೆ ಅಂತ ಯಾರೂ ಒಂದರ ಟಿಕೆಟ್ ತಗೊಂಡು ಇನ್ನೊಂದಕ್ಕೆ ಹತ್ತಲ್ಲ, ಹಂಗೇ ಡೆಕ್ಕನ್ ಕ್ವೀನ್‌ಗೆ ಹೊಸ ಬಣ್ಣ ಹೊಸ ಬೋಗಿ ಬಂತು ಅಂತ ಅದು ಬೇರೆ ಟ್ರೇನೂ ಆಗಲ್ಲ.

ಹೆಸರಲ್ಲಿ ಸೇರದೆ ಇರೋದು ಚಿತ್ರ, ಎಚ್‌ಪಿ (ಎಷ್ಟು ಏಟು ತಡೆಯುತ್ತೆ ಅನ್ನೋ ಅಂಕಿ), ಟೈಪ್, ಅಟ್ಯಾಕ್, ಕಾರ್ಡ್ ನಂಬರ್, ಯಾವ ಸೆಟ್ (ಒಟ್ಟಿಗೆ ಬಿಡುಗಡೆಯಾದ ಕಾರ್ಡ್‌ಗಳ ಗುಂಪು), ಹೊಳೆಯುತ್ತೋ ಇಲ್ವೋ. ನಿಮ್ಮ ಮಗನ ಚಾರಿಜಾರ್ಡ್ ಇಎಕ್ಸ್ ಯಾವ ಎರಡು ಅಂತ ನೀವು ಬರೆದಿಲ್ಲ, ಆದ್ರೆ ಟೈಪ್ ಬೇರೆ ಅಂದಿದ್ರಿಂದ ಊಹಿಸಬಹುದು. 2023ರ ಆಗಸ್ಟ್‌ನಲ್ಲಿ ಬಂದ ಅಬ್ಸಿಡಿಯನ್ ಫ್ಲೇಮ್ಸ್ ಸೆಟ್‌ನಲ್ಲಿ ಇರೋ ಚಾರಿಜಾರ್ಡ್ ಇಎಕ್ಸ್ ಡಾರ್ಕ್‌ನೆಸ್ ಟೈಪ್, ಮುಂದಿನ ತಿಂಗಳೇ ಬಂದ 151 ಸೆಟ್‌ನಲ್ಲಿ ಇರೋದು ಫೈರ್ ಟೈಪ್. ಆಡೋ ರೀತಿ ಪೂರ್ತಿ ಬೇರೆ, ಒಂದನ್ನ ಹಾಕಿ ಕಟ್ಟೋ ಡೆಕ್‌ಗೆ ಇನ್ನೊಂದು ಹೊಂದೋದೇ ಇಲ್ಲ ಅಂತ ಬೇಕಾದ್ರೂ ಹೇಳಬಹುದು. ಆದ್ರೆ ಎರಡರ ಮೇಲ್ಗಡೆ ಬರೆದಿರೋದು ಚಾರಿಜಾರ್ಡ್ ಇಎಕ್ಸ್ ಅಂತಾನೇ, ಹಾಗಾಗಿ ಎರಡೂ ಸೇರಿ ನಾಲ್ಕು. ಮೂರು ಒಂದು ಆಗಬಹುದು, ಎರಡು ಎರಡು ಆಗಬಹುದು, ಮೂರು ಎರಡು ಆಗಲ್ಲ. ಅದೇ ಡೆಕ್‌ಗೆ ಇಎಕ್ಸ್ ಇಲ್ಲದ ಬರೀ ಚಾರಿಜಾರ್ಡ್ ಹಾಕಿದ್ರೆ ಅದರ ಲೆಕ್ಕ ಬೇರೆ, 2025ರ ನವೆಂಬರ್‌ನಲ್ಲಿ ಬಂದ ಮೆಗಾ ಚಾರಿಜಾರ್ಡ್ ಎಕ್ಸ್ ಇಎಕ್ಸ್ ಹಾಕಿದ್ರೆ ಅದರದ್ದೂ ಬೇರೆ ಲೆಕ್ಕ.

ಪಕ್ಕದ ಹುಡುಗನ ಪಿಕಾಚು ಇದರ ಇನ್ನೊಂದು ಮುಖ. ಪಿಕಾಚು ಒಂದು ಹೆಸರು, ಪಿಕಾಚು ಇಎಕ್ಸ್ ಇನ್ನೊಂದು ಹೆಸರು, ಅದಕ್ಕೆ ನಾಲ್ಕು ಮತ್ತೆ ನಾಲ್ಕು. ಆದ್ರೆ ನಿಮ್ಮ ಮಗ ಇದನ್ನ ಲಾಭ ಅಂದುಕೊಂಡು ಬೇಜಾರು ಮಾಡ್ಕೊಬಾರ್ದು, ಯಾಕಂದ್ರೆ ಹೆಸರು ಬೇರೆ ಆದಾಗ ಕಳ್ಕೊಳ್ಳೋದೂ ಇರುತ್ತೆ. ರಾಯ್‌ಚು ಕಾರ್ಡ್ ಮೇಲೆ ಇದು ಪಿಕಾಚುವಿಂದ ಎವಾಲ್ವ್ ಆಗುತ್ತೆ, ಅಂದ್ರೆ ಪಿಕಾಚು ಬೆಳೆದು ಇದಾಗುತ್ತೆ, ಅಂತ ಬರೆದಿರುತ್ತೆ, ಹಾಗಾಗಿ ಪಿಕಾಚು ಮೇಲೆ ರಾಯ್‌ಚು ಇಡಬಹುದು, ಪಿಕಾಚು ಇಎಕ್ಸ್ ಮೇಲೆ ಇಡೋಕಾಗಲ್ಲ. ಎಣಿಕೆ ಮಾಡುವಾಗ ಬೇರೆ ಹೆಸರು ಅಂತ ಬಿಟ್ಟ ರೂಲೇ ಎವಾಲ್ವ್ ಮಾಡುವಾಗ ಬೇರೆ ಹೆಸರು ಅಂತ ತಡೆಯುತ್ತೆ. 2025ರ ಮಾರ್ಚ್‌ನಲ್ಲಿ ಜರ್ನಿ ಟುಗೆದರ್ ಸೆಟ್ ಬಂದಾಗ ಮಕ್ಕಳು ಎಡವಿದ್ದು ಇಲ್ಲೇ. ಎನ್ಸ್ ಜೊರುವಾ ನಾಲ್ಕು, ಮಾಮೂಲಿ ಜೊರುವಾ ನಾಲ್ಕು, ಒಟ್ಟು ಎಂಟು ಹಾಕೋಕೆ ರೂಲ್ ಬಿಡುತ್ತೆ, ಖುಷಿಯಾಗಿ ಹಾಕ್ತಾರೆ, ಆಮೇಲೆ ಆಟದ ಮಧ್ಯೆ ಮಾಮೂಲಿ ಜೊರುವಾ ಮೇಲೆ ಎನ್ಸ್ ಜೊರೊವಾರ್ಕ್ ಇಎಕ್ಸ್ ಇಡೋಕೆ ಹೋದಾಗ ಅದು ಎನ್ಸ್ ಜೊರುವಾ ಮೇಲೆ ಮಾತ್ರ ಬರೋದು ಅಂತ ಗೊತ್ತಾಗುತ್ತೆ. ಹಂಗಂತ ಹೆಸರಿನ ಕುಟುಂಬ ಯಾವಾಗ್ಲೂ ಮುಚ್ಚಿದ ಬಾಗಿಲು ಅಂತಾನೂ ಅಲ್ಲ, 2000ನೇ ಇಸವಿಯ ಟೀಮ್ ರಾಕೆಟ್ ಸೆಟ್‌ನ ಡಾರ್ಕ್ ಚಾರ್ಮೀಲಿಯನ್ ಮಾಮೂಲಿ ಚಾರ್ಮಾಂಡರ್‌ನಿಂದಾನೇ ಎವಾಲ್ವ್ ಆಗುತ್ತೆ, ಯಾಕಂದ್ರೆ ಕಾರ್ಡಲ್ಲಿ ಹಾಗೇ ಬರೆದಿದೆ. ಊಹೆ ಮಾಡೋದು ಬೇಡ, ಕಾರ್ಡ್ ಏನು ಹೇಳುತ್ತೋ ಅದು.

ಪ್ರೊಫೆಸರ್ಸ್ ರಿಸರ್ಚ್ ವಿಷಯದಲ್ಲಿ ನಿಮ್ಮ ಮಗನ ಮೇಲೆ ನನಗೆ ಪೂರ್ತಿ ಸಹಾನುಭೂತಿ ಇದೆ, ಇದು ನಿಜವಾಗ್ಲೂ ದಾರಿ ತಪ್ಪಿಸೋ ಕಾರ್ಡ್. ಸ್ಕಾರ್ಲೆಟ್ ಅಂಡ್ ವಯೊಲೆಟ್ ಅನ್ನೋ ಸರಣಿಯ ಮೊದಲನೇ ಸೆಟ್ಟಲ್ಲೇ ಇದು ಎರಡು ಥರ ಬಂತು, ಒಂದರಲ್ಲಿ ಪ್ರೊಫೆಸರ್ ಸಾಡಾ, ಇನ್ನೊಂದರಲ್ಲಿ ಪ್ರೊಫೆಸರ್ ಟೂರೊ. ಅದಕ್ಕೂ ಮುಂಚೆ 2020ರಲ್ಲಿ ಮ್ಯಾಗ್ನೋಲಿಯಾ ಇದ್ರು, 2021ರ ಸೆಲೆಬ್ರೇಷನ್ಸ್ ಸೆಟ್ಟಲ್ಲಿ ಓಕ್ ಇದ್ರು. ಆ ಪ್ರೊಫೆಸರ್ ಹೆಸರು ಸಣ್ಣಕ್ಷರದಲ್ಲಿ ಬೇರೆಯಾಗಿ ಇರುತ್ತೆ, ಚಿತ್ರದಲ್ಲಿ ಇರೋರು ಯಾರು ಅಂತ ಹೇಳೋಕೆ ಮಾತ್ರ, ಕಾರ್ಡಿನ ಹೆಸರಲ್ಲಿ ಅದು ಸೇರಲ್ಲ. ಬಾಸಸ್ ಆರ್ಡರ್ಸ್ ಕೂಡ ಇದೇ ಥರ, ಜೊವಾನಿ ಇರ್ಲಿ ಸೈರಸ್ ಇರ್ಲಿ ಗೆಟ್ಸಿಸ್ ಇರ್ಲಿ, ಎಲ್ಲಾ ಸೇರಿ ನಾಲ್ಕೇ. ಹಳೇ ಕಾರ್ಡ್‌ಗಳಿಗೂ ಜಾಗ ಕೊಡೋ ಎಕ್ಸ್‌ಪ್ಯಾಂಡೆಡ್ ಫಾರ್ಮ್ಯಾಟ್‌ನಲ್ಲಿ (ಅದು ಟೂರ್ನಮೆಂಟಿನ ಒಂದು ವಿಧ) ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಪ್ರೊಫೆಸರ್ ಜುನಿಪರ್, ಪ್ರೊಫೆಸರ್ ಸಿಕಮೋರ್ ಅಂತ ಹಳೇ ಕಾರ್ಡ್ ಇದ್ವು, ಕೈಲಿರೋದೆಲ್ಲ ಬಿಸಾಕಿ ಏಳು ಕಾರ್ಡ್ ತಗೋ ಅನ್ನೋ ಕೆಲಸಾನೇ ಅವೂ ಮಾಡ್ತವೆ, ಹೆಸರು ಮಾತ್ರ ಬೇರೆ. ಹೆಸರಿನ ಲೆಕ್ಕ ಒಂದನ್ನೇ ಹಿಡಿದ್ರೆ ಮೂರರಲ್ಲೂ ನಾಲ್ಕು ನಾಲ್ಕು, ಹನ್ನೆರಡು ಹಾಕಬಹುದಿತ್ತು. ಅದನ್ನ ತಡೆಯೋಕೆ ಈ ಮೂರರಲ್ಲಿ ಯಾವ್ದಾದ್ರೂ ಒಂದು ಹೆಸರು ಮಾತ್ರ ಡೆಕ್‌ನಲ್ಲಿ ಇರ್ಬೇಕು ಅಂತ ಪ್ರತ್ಯೇಕವಾಗಿ ರೂಲ್ ಬರೆದ್ರು. ಅಂದ್ರೆ ಕೆಲಸ ಒಂದೇ ಅನ್ನೋ ಕಾರಣಕ್ಕೆ ತಡೀಬೇಕು ಅಂದ್ರೆ ಅದನ್ನ ಬೇರೆಯಾಗಿ ಬರೀಲೇಬೇಕು, ಬರೀದೆ ಇದ್ದಾಗ ಹೆಸರೇ ಲೆಕ್ಕ.

ಇಷ್ಟು ಪಟ್ಟು ಹಿಡಿದು ಹೆಸರನ್ನೇ ಯಾಕೆ ಹಿಡಿಬೇಕು, ಕಾರ್ಡಿನ ಶಕ್ತಿ ನೋಡಿ ತೀರ್ಮಾನ ಮಾಡಬಾರ್ದಾ ಅಂತ ಕೆಲವರು ಕೇಳ್ತಾರೆ. ನಾನು ಈ ರೂಲ್‌ನ ಪರ, ಮನಸಾರೆ ಪರ. 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಮಾಡಿದ ಮ್ಯಾಜಿಕ್ ಹೊರಗೆ ಬಂದಾಗ ಡೆಕ್ 40 ಕಾರ್ಡಿದ್ರೆ ಸಾಕಿತ್ತು, ಒಂದೇ ಕಾರ್ಡ್ ಎಷ್ಟು ಬೇಕಾದ್ರೂ ತುಂಬಬಹುದಿತ್ತು. ಜನ ಅದನ್ನೇ ಮಾಡಿದ್ರು, ಬಲವಾದ ಒಂದೆರಡು ಕಾರ್ಡನ್ನೇ ತುರುಕಿ ಎದುರಿಗಿರೋರು ಉಸಿರೆತ್ತೋಕೆ ಮುಂಚೆ ಆಟ ಮುಗಿಸಿಬಿಡೋರು, ಆಮೇಲೆ ನಾಲ್ಕರ ಮಿತಿ ಬಂತು. ಪೊಕೆಮಾನ್ ಕಾರ್ಡ್ ಜಪಾನಲ್ಲಿ 1996ರಲ್ಲಿ ಬಂತು, ಇಂಗ್ಲಿಷಲ್ಲಿ 1999ರಲ್ಲಿ ತಂದಿದ್ದು ಮ್ಯಾಜಿಕ್ ಮಾಡೋ ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿನೇ. ಮಿತಿ ಹೆಸರಿನ ಮೇಲೆ ಇದ್ರೆ ಮಾತ್ರ ಹತ್ತು ವರ್ಷದ ಮಗು ಕೂಡ ತನ್ನ ಡೆಕ್ಕನ್ನ ತಾನೇ ಚೆಕ್ ಮಾಡ್ಕೊಬಹುದು, ಯಾವ ಜಡ್ಜ್ ನೋಡಿದ್ರೂ ಒಂದೇ ಉತ್ತರ ಬರುತ್ತೆ. ಈ ಎರಡು ಕಾರ್ಡ್ ಒಂದೇ ಥರ ಕೆಲಸ ಮಾಡ್ತವಾ ಅಂತ ಚರ್ಚೆಗೆ ಇಳಿದ್ರೆ ದಾದರ್‌ನಲ್ಲಿ ಒಂದು ಉತ್ತರ ಬರುತ್ತೆ, ಪುಣೆನಲ್ಲಿ ಒಂದು ಉತ್ತರ ಬರುತ್ತೆ, ಆಗಲೇ ನೀವು ಕೇಳಿದ ಗುರುತಿನವರ ಮಗ ಅನ್ನೋ ಅನುಮಾನಕ್ಕೆ ನಿಜವಾಗ್ಲೂ ಜಾಗ ಆಗೋದು.

ಇನ್ನು ನಿಮ್ಮ ತಮ್ಮನ ಹಳೇ ಡಬ್ಬಿ. ಇಲ್ಲಿ ಎರಡನೇ ಪ್ರಶ್ನೆ ಬರುತ್ತೆ, ಈ ಟೂರ್ನಮೆಂಟಿಗೆ ಬರಬಹುದಾ ಅನ್ನೋದು. ಸ್ಟ್ಯಾಂಡರ್ಡ್ ಫಾರ್ಮ್ಯಾಟ್‌ನಲ್ಲಿ ಎಲ್ಲಾ ಕಾಲದ ಕಾರ್ಡೂ ನಡೆಯಲ್ಲ. ಕಾರ್ಡಿನ ಕೆಳಗಡೆ ಎಡಮೂಲೇಲಿ ಪುಟ್ಟ ಚೌಕದೊಳಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತೆ, ರೆಗ್ಯುಲೇಷನ್ ಮಾರ್ಕ್ ಅಂತಾರೆ, 2020ರ ಸ್ವೋರ್ಡ್ ಅಂಡ್ ಶೀಲ್ಡ್ ಸೆಟ್ಟಿಂದ ಶುರುವಾಗಿದ್ದು. 2025ರ ಏಪ್ರಿಲ್ 11ಕ್ಕೆ ಎಫ್ ಅಕ್ಷರ ಹೊರಗೆ ಹೋಯ್ತು, ನೀವು ಹೋದ ಮಳೆಗಾಲದಲ್ಲಿ ಜಿ, ಎಚ್, ಐ ಇದ್ದವು ನಡೀತಿದ್ವು. ಹೀಗೆ ಕಾಲಕಾಲಕ್ಕೆ ಹಳೇ ಅಕ್ಷರ ಹೊರಗೆ ಹೋಗ್ತಾ ಹೊಸದು ಸೇರ್ತಾ ಇರುತ್ತೆ, ಅದಕ್ಕೆ ಪ್ರತಿ ಟೂರ್ನಮೆಂಟಿಗೂ ಮುಂಚೆ ಆ ದಿನಕ್ಕೆ ಯಾವ ಅಕ್ಷರ ನಡೆಯುತ್ತೆ ಅಂತ ನೋಡ್ಕೊಳ್ಳಿ, ಹೋದ ಸಲ ನಡೆದಿದ್ದು ಈ ಸಲ ನಡೆಯುತ್ತೆ ಅಂತ ನಂಬ್ಕೊಂಡು ಹೋಗ್ಬೇಡಿ.

ಆದ್ರೆ ಹಳೇ ಕಾರ್ಡಿಗೆ ಒಂದು ಹಿಂಬಾಗಿಲು ಇದೆ. ಅದೇ ಕಾರ್ಡು ಈಗ ನಡೆಯೋ ಅಕ್ಷರದ ಜೊತೆ ಮತ್ತೆ ಅಚ್ಚಾಗಿದ್ರೆ ಹಳೇ ಪ್ರತಿನೂ ಆಡಬಹುದು. ಅದೇ ಕಾರ್ಡು ಅಂದ್ರೆ ಹೆಸರೂ ಅದೇ ಇರ್ಬೇಕು, ಮಾಡೋ ಕೆಲಸಾನೂ ಅದೇ ಇರ್ಬೇಕು. ಅಲ್ಟ್ರಾ ಬಾಲ್ 2012ರ ಡಾರ್ಕ್ ಎಕ್ಸ್‌ಪ್ಲೋರರ್ಸ್ ಸೆಟ್ಟಲ್ಲೂ ಕೈಯಿಂದ ಎರಡು ಕಾರ್ಡ್ ಬಿಸಾಕಿ ಡೆಕ್ಕಿಂದ ಒಂದು ಪೊಕೆಮಾನ್ ಹುಡುಕ್ಕೊ ಅಂತಾನೇ ಹೇಳ್ತಿತ್ತು, 2023ರ ಪ್ರತೀಲೂ ಅದನ್ನೇ ಹೇಳುತ್ತೆ, ಅದಕ್ಕೆ ಅಕ್ಷರ ಇಲ್ಲದ ಹಳೇದೂ ನಡೀತು. ಚಾರ್ಮಾಂಡರ್ ಹಾಗಲ್ಲ. 1999ರ ಬೇಸ್ ಸೆಟ್ ಚಾರ್ಮಾಂಡರ್‌ಗೆ 50 ಎಚ್‌ಪಿ, ಅಬ್ಸಿಡಿಯನ್ ಫ್ಲೇಮ್ಸ್‌ನ ಚಾರ್ಮಾಂಡರ್‌ಗೆ 70, ಅಟ್ಯಾಕ್‌ಗಳೂ ಬೇರೆ. ಹೆಸರು ಒಂದೇ ಆದ್ರೂ ಅದೇ ಕಾರ್ಡು ಅಲ್ಲ, ಹಾಗಾಗಿ ಹೊಸದರ ಹೆಸರಲ್ಲಿ ಹಳೇದು ಒಳಗೆ ಬರಲ್ಲ. ಗಮನಿಸಿ, ಇಲ್ಲಿ ಒಳಗೆ ಬರೆದಿರೋದನ್ನ ನೋಡಿದ್ರು, ಎಣಿಕೆ ಮಾಡುವಾಗ ನೋಡಲಿಲ್ಲ. ಒಂದೇ ಜಡ್ಜ್, ಒಂದೇ ಡೆಕ್, ಪ್ರಶ್ನೆ ಮಾತ್ರ ಬೇರೆ.

ಹಳೇ ಕಾರ್ಡಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಅದನ್ನೂ ಹೇಳಿಬಿಡ್ತೀನಿ. ಕೆಲವು ಕಾರ್ಡಿನ ಮಾತನ್ನ ಕಂಪನಿ ಆಮೇಲೆ ತಿದ್ದಿದೆ. 2011ರಲ್ಲಿ ಬಂದ ಪೊಕೆಮಾನ್ ಕ್ಯಾಚರ್ ಎದುರಾಳಿಯ ಬೆಂಚಿಂದ, ಅಂದ್ರೆ ಹಿಂದೆ ಕಾಯ್ತಿರೋ ಪೊಕೆಮಾನ್ ಸಾಲಿಂದ, ಒಬ್ಬನ್ನ ಸೀದಾ ಎಳೆದು ತರ್ತಿತ್ತು, 2013ರಲ್ಲಿ ನಾಣ್ಯ ಚಿಮ್ಮಿ ಹೆಡ್ಸ್ ಬಿದ್ರೆ ಮಾತ್ರ ಅಂತ ತಿದ್ದಿದ್ರು. ಹಳೇ ಪ್ರತಿ ಮೇಲೆ ನಾಣ್ಯದ ಮಾತೇ ಇಲ್ಲ, ಆದ್ರೂ ನಾಣ್ಯ ಚಿಮ್ಮಲೇಬೇಕು. ಕೈಲಿರೋ ಕಾಗದ ಹಳೇದು, ಮಾತು ಮಾತ್ರ ಹೊಸದು.

ಮಗ ಮುಂದೆ ಎಡವಬಹುದಾದ ಜಾಗ ಇನ್ನೊಂದಿದೆ, ಕಾರ್ಡಿನ ಕೆಳಗೆ ಪುಟ್ಟದಾಗಿ ಬರೆದಿರೋ ರೂಲ್‌ಗಳು. 2024ರ ಮಾರ್ಚ್‌ನ ಟೆಂಪೋರಲ್ ಫೋರ್ಸಸ್ ಸೆಟ್ಟಿಂದ ಏಸ್ ಸ್ಪೆಕ್ ಕಾರ್ಡ್‌ಗಳು ವಾಪಸ್ ಬಂದ್ವು, ಪ್ರೈಮ್ ಕ್ಯಾಚರ್, ಮ್ಯಾಕ್ಸಿಮಮ್ ಬೆಲ್ಟ್ ಇಂಥವು. ಅದರ ಮೇಲೆ ಡೆಕ್‌ನಲ್ಲಿ ಏಸ್ ಸ್ಪೆಕ್ ಕಾರ್ಡ್ ಒಂದಕ್ಕಿಂತ ಜಾಸ್ತಿ ಇರಬಾರ್ದು ಅಂತ ಇದೆ. 2018ರ ಪ್ರಿಸಮ್ ಸ್ಟಾರ್ ಕಾರ್ಡ್ ಮೇಲೂ ಒಂದಕ್ಕಿಂತ ಜಾಸ್ತಿ ಇರಬಾರ್ದು ಅಂತಾನೇ ಇದೆ, ಆದ್ರೆ ಅಲ್ಲಿ ಒಂದೇ ಹೆಸರಿನ ಪ್ರಿಸಮ್ ಸ್ಟಾರ್ ಅಂತ ಸೇರಿಸಿದ್ದಾರೆ. ಎಷ್ಟು ದೊಡ್ಡ ವ್ಯತ್ಯಾಸ ನೋಡಿ. ಪ್ರಿಸಮ್ ಸ್ಟಾರ್ ಆದ್ರೆ ಬೇರೆ ಬೇರೆ ಹೆಸರಿನವು ನಾಲ್ಕೈದು ಹಾಕಬಹುದು, ಪ್ರತಿಯೊಂದೂ ಒಂದೊಂದು. ಏಸ್ ಸ್ಪೆಕ್ ಆದ್ರೆ ಇಡೀ 60ರಲ್ಲಿ ಒಂದೇ ಒಂದು, ಪ್ರೈಮ್ ಕ್ಯಾಚರ್ ಹಾಕಿದ್ರೆ ಮ್ಯಾಕ್ಸಿಮಮ್ ಬೆಲ್ಟ್ ಮನೇಲೇ ಇರ್ಬೇಕು. ರೇಡಿಯಂಟ್ ಪೊಕೆಮಾನ್‌ದೂ ಏಸ್ ಸ್ಪೆಕ್ ಥರಾನೇ, ಯಾವ್ದಾದ್ರೂ ಒಂದು ಮಾತ್ರ. ಇಲ್ಲಿ ಒಂದು ಅನ್ನೋ ಅಂಕಿ ನೋಡಿ ಮುಂದೆ ಹೋಗೋರು ಪಕ್ಕಾ ತಪ್ಪು ಮಾಡ್ತಾರೆ, ಯಾವುದರಲ್ಲಿ ಒಂದು ಅಂತ ಪೂರ್ತಿ ವಾಕ್ಯ ಓದ್ಬೇಕು.

ಎನರ್ಜಿ ಬಗ್ಗೆ ಒಂದೇ ಮಾತು. ಲೆಕ್ಕ ಇಲ್ಲ ಅಂದಿದ್ದು ಬೇಸಿಕ್ ಎನರ್ಜಿಗೆ, ಜೆಟ್ ಎನರ್ಜಿ ಥರದ ಸ್ಪೆಷಲ್ ಎನರ್ಜಿಗೆ ಅದೇ ನಾಲ್ಕರ ಮಿತಿ. ಹೊಸ ಕಾರ್ಡ್ ಮೇಲೆ ಬೇಸಿಕ್ ಫೈರ್ ಎನರ್ಜಿ ಅಂತ, ಹಳೇದರ ಮೇಲೆ ಬರೀ ಫೈರ್ ಎನರ್ಜಿ ಅಂತ ಇರುತ್ತೆ, ಎರಡೂ ಒಂದೇ, ಧೈರ್ಯವಾಗಿ ಬೆರೆಸಿ.

ಈಗ ಅಣ್ಣನ ಮಗ, ನಿಮ್ಮ ಮಗಳು. ಇಬ್ಬರೂ ತಮ್ಮ ತಮ್ಮ ಆಟಕ್ಕೆ ಸರಿಯಾಗೇ ಹೇಳಿರ್ತಾರೆ, ಒಂದು ಆಟದ ರೂಲ್ ಇನ್ನೊಂದಕ್ಕೆ ಹೊತ್ಕೊಂಡು ಬರಬಾರ್ದು ಅಷ್ಟೇ. ಮ್ಯಾಜಿಕ್‌ನಲ್ಲಿ 60 ಅನ್ನೋದು ಕನಿಷ್ಠ, ಜಾಸ್ತಿ ಇರಬಹುದು, ಜೊತೆಗೆ 15ರವರೆಗೆ ಸೈಡ್‌ಬೋರ್ಡ್, ಅಂದ್ರೆ ಒಂದಾಟ ಮುಗಿದ್ಮೇಲೆ ಬದಲಾಯಿಸ್ಕೊಳ್ಳೋಕೆ ಇಡೋ ಕಾರ್ಡ್. ನಾಲ್ಕರ ಮಿತಿ ಎರಡಕ್ಕೂ ಸೇರಿ, ಮೇನಲ್ಲಿ ನಾಲ್ಕು ಹಾಕಿ ಸೈಡ್‌ಬೋರ್ಡಲ್ಲಿ ಇನ್ನೊಂದು ಇಟ್ರೆ ಡೆಕ್ ತಪ್ಪು. ಪೊಕೆಮಾನ್ ಎನರ್ಜಿ ಥರದ ಬೇಸಿಕ್ ಲ್ಯಾಂಡ್‌ಗೆ ಮಿತಿ ಇಲ್ಲ. ಅಲ್ಲಿ ಕಾರ್ಡೇ ರೂಲನ್ನ ಮೀರೋದೂ ಉಂಟು: 2004ರ ರಿಲೆಂಟ್‌ಲೆಸ್ ರ‍್ಯಾಟ್ಸ್ ತನ್ನನ್ನ ಎಷ್ಟು ಬೇಕಾದ್ರೂ ಹಾಕ್ಕೊ ಅನ್ನುತ್ತೆ, 2019ರ ಸೆವೆನ್ ಡ್ವಾರ್ವ್ಸ್ ಏಳರವರೆಗೆ, 2023ರ ನಾಜ್‌ಗುಲ್ ಒಂಬತ್ತರವರೆಗೆ. ಆ ರಿಯಾಯಿತಿ ಆ ಹೆಸರಿಗೆ ಮಾತ್ರ, ಪಕ್ಕದ ಇನ್ನೊಂದು ಇಲಿ ಕಾರ್ಡಿಗೆ ಅದು ಅಂಟಲ್ಲ. ಇನ್ನೊಂದು ಸ್ವಾರಸ್ಯ, ಪೊಕೆಮಾನ್‌ನಲ್ಲಿ ದೊಡ್ಡಕ್ಷರದ ಹೆಸರೇ ಹೆಸರು ಅಂದೆ ಅಲ್ವಾ, 2020ರಲ್ಲಿ ಮ್ಯಾಜಿಕ್‌ನವರು ಗಾಡ್‌ಜಿಲ್ಲಾ ಕಾರ್ಡ್ ಬಿಟ್ಟಾಗ ಅದು ಉಲ್ಟಾ ಇತ್ತು. ದೊಡ್ಡದಾಗಿ ಗಾಡ್‌ಜಿಲ್ಲಾ ಅಂತ ಇದ್ರೂ ಅದರ ಕೆಳಗೆ ಸಣ್ಣದಾಗಿರೋ ಜಿಲೋರ್ಥಾ ಅನ್ನೋದೇ ನಿಜವಾದ ಹೆಸರು, ಎಣಿಕೆ ಅದರದ್ದೇ.

ಯು-ಗಿ-ಓದಲ್ಲಿ ಮೇನ್ ಡೆಕ್ 40ರಿಂದ 60, ಎಕ್ಸ್‌ಟ್ರಾ ಡೆಕ್ 15ರವರೆಗೆ, ಸೈಡ್ ಡೆಕ್ 15ರವರೆಗೆ, ಒಂದು ಹೆಸರಿಗೆ ಎಲ್ಲಾ ಸೇರಿ ಮೂರೇ, ಅದರ ಮೇಲೆ ನಿಷೇಧದ ಪಟ್ಟಿ ಬೇರೆ, ಅದರಲ್ಲಿ ಕೆಲವಕ್ಕೆ ಎರಡು, ಕೆಲವಕ್ಕೆ ಒಂದು, ಕೆಲವಕ್ಕೆ ಸೊನ್ನೆ. ಹೆಸರಿನ ವಿಷಯದಲ್ಲಿ ಮೂರು ಆಟದಲ್ಲಿ ಅತಿ ಸೂಕ್ಷ್ಮ ಇದೇ, ನನಗೆ ತುಂಬಾ ಇಷ್ಟ ಆಗೋದೂ ಇದೇ. ಹಾರ್ಪಿ ಲೇಡಿ 1 ಅನ್ನೋ ಕಾರ್ಡ್ ಮೇಲೆ ಇದರ ಹೆಸರನ್ನ ಯಾವಾಗ್ಲೂ ಹಾರ್ಪಿ ಲೇಡಿ ಅಂತಾನೇ ತಿಳೀಬೇಕು ಅಂತ ಬರೆದಿದೆ. ಯಾವಾಗ್ಲೂ ಅಂದ್ರೆ ಡೆಕ್ ಕಟ್ಟುವಾಗ್ಲೂ ಸೇರಿ, ಹಾಗಾಗಿ ಹಾರ್ಪಿ ಲೇಡಿ, ಹಾರ್ಪಿ ಲೇಡಿ 1, 2, 3 ಎಲ್ಲಾ ಸೇರಿ ಮೂರೇ ಪ್ರತಿ. ಆದ್ರೆ ಹಾರ್ಪಿ ಕ್ವೀನ್ ಮೇಲೆ ಬೇರೆ ಮಾತಿದೆ, ಫೀಲ್ಡ್ ಮೇಲೆ (ಆಟದ ಜಾಗದಲ್ಲಿ) ಅಥವಾ ಗ್ರೇವ್‌ಯಾರ್ಡಲ್ಲಿ (ಬಿಸಾಕಿದ ಕಾರ್ಡಿನ ರಾಶೀಲಿ) ಇರುವಾಗ ಇದರ ಹೆಸರು ಹಾರ್ಪಿ ಲೇಡಿ ಆಗುತ್ತೆ ಅಂತ. ಡೆಕ್ ಕಟ್ಟುವಾಗ ಅದು ಫೀಲ್ಡ್ ಮೇಲೂ ಇಲ್ಲ ಗ್ರೇವ್‌ಯಾರ್ಡಲ್ಲೂ ಇಲ್ಲ, ಹಾಗಾಗಿ ಅದರ ಮೂರು ಪ್ರತಿ ಬೇರೆಯಾಗೇ ಎಣಿಸ್ಬೇಕು. ಮಗಳಿಗೆ ಇದನ್ನ ಓದೋಕೆ ಹೇಳಿ, ಕಾರ್ಡ್ ಆಟದ ಒಳಗೆ ಏನು ಆಗುತ್ತೆ ಅನ್ನೋದು ಡೆಕ್ ಚೆಕ್‌ಗೆ ಸಂಬಂಧ ಇಲ್ಲ, ಆಟ ಶುರು ಆಗೋ ಮುಂಚೆ ಅದು ಏನು ಅನ್ನೋದಷ್ಟೇ ಲೆಕ್ಕ.

ಮುಂದಿನ ಸಲ ಹೋಗೋ ಮುಂಚೆ ಮನೇಲಿ ಹೀಗೆ ಮಾಡಿ, ನಿಮಗೆ ಆಟ ಬರ್ಬೇಕು ಅಂತಾನೇ ಇಲ್ಲ. ನೆಲದ ಮೇಲೆ ಚಾದರ ಹಾಸಿ 60 ಕಾರ್ಡನ್ನೂ ಮೇಲ್ಗಡೆ ಹೆಸರು ನೋಡಿ ಗುಂಪು ಮಾಡಿ, ಚಿತ್ರದ ಕಡೆ ನೋಡ್ಲೇಬೇಡಿ. ಬೇಸಿಕ್ ಎನರ್ಜಿ ಬಿಟ್ಟು ಯಾವ ಗುಂಪಲ್ಲಾದ್ರೂ ಐದು ಬಂದ್ರೆ ಅಲ್ಲಿ ತಪ್ಪಿದೆ. ಆಮೇಲೆ ಅದೇ ಗುಂಪುಗಳ ಎಡಮೂಲೆ ಅಕ್ಷರ ನೋಡ್ತಾ ಹೋಗಿ, ಅಕ್ಷರ ಇಲ್ಲದ್ದು ಅಥವಾ ಹಳೇ ಅಕ್ಷರದ್ದು ಸಿಕ್ರೆ ಪಕ್ಕಕ್ಕಿಟ್ಟು ಹೊಸ ಪ್ರತಿ ಇದೆಯಾ, ಅದರಲ್ಲಿ ಅದೇ ಮಾತಿದೆಯಾ ಅಂತ ಮಗ ಹುಡುಕಲಿ. ಕೊನೆಗೆ ಕೆಳಗಿನ ಪುಟ್ಟ ರೂಲ್ ಓದಿ. ಏನಾದ್ರೂ ತೆಗೀಬೇಕಾಗಿ ಬಂದು ಬದಲಿ ಕಾರ್ಡ್ ಇಲ್ಲಾಂದ್ರೆ ಬೇಸಿಕ್ ಎನರ್ಜಿ ಹಾಕಿ 60 ಮಾಡ್ಕೊಳ್ಳಿ, ಚೀಲದಲ್ಲಿ ಒಂದು ಹತ್ತು ಎನರ್ಜಿ ಜಾಸ್ತಿ ಇದ್ರೆ ಟೂರ್ನಮೆಂಟ್ ದಿನಾನೂ ಕೈ ಹಿಡಿಯುತ್ತೆ.

ಇನ್ನು ನೀವು ಕೇಳದೆ ಇದ್ರೂ ನಮ್ಮ ಕಡೆ ಹೇಳಲೇಬೇಕಾದ್ದು. ಮುಂಬೈನಲ್ಲಿ ಕ್ರಾಫರ್ಡ್ ಮಾರ್ಕೆಟ್ ಸುತ್ತಮುತ್ತ ಇರ್ಲಿ, ನಿಮ್ಮ ತುಳಶಿಬಾಗ್ ಕಡೆ ಇರ್ಲಿ, ಆಟಿಕೆ ಸಾಮಾನಿನ ಜೊತೆ ಚಿನ್ನದ ಬಣ್ಣದ ಪ್ಲಾಸ್ಟಿಕ್ ಪೊಕೆಮಾನ್ ಕಾರ್ಡ್ ಸಿಕ್ರೆ ಅವು ನಕಲಿ, ಹೆಸರು ಸರಿ ಇದ್ರೂ ಅಕ್ಷರ ಸರಿ ಇದ್ರೂ ಟೂರ್ನಮೆಂಟಲ್ಲಿ ನಡೆಯಲ್ಲ, ಬರ್ತ್‌ಡೇಗೆ ಯಾರೋ ಪ್ರೀತಿಯಿಂದ ಕೊಟ್ಟಿದ್ದಾದ್ರೆ ಮನೇಲಿ ತಂಗಿ ಜೊತೆ ಆಡೋಕೆ ಇಟ್ಕೊಳ್ಳಲಿ. ಜಪಾನಿ ಭಾಷೆಯ ಕಾರ್ಡ್ ಇದ್ರೆ ಹೋಗೋ ಮುಂಚೇನೇ ಸಂಘಟಕರಿಗೆ ಫೋನ್ ಮಾಡಿ ಕೇಳಿ, ಯಾವ ಭಾಷೆ ನಡೆಯುತ್ತೆ ಅನ್ನೋದು ದೇಶದಿಂದ ದೇಶಕ್ಕೆ ಬೇರೆ ಇರುತ್ತೆ. ಮತ್ತೆ ಮಳೆಗಾಲ. ಹೊಳೆಯೋ ಕಾರ್ಡಿನ ಒಂದು ಕಡೆ ಫಾಯಿಲ್, ಇನ್ನೊಂದು ಕಡೆ ಕಾಗದ, ಕಾಗದ ತೇವ ಹೀರಿ ಹಿಗ್ಗುತ್ತೆ ಫಾಯಿಲ್ ಹಿಗ್ಗಲ್ಲ, ಜೂನ್ ಬಂತು ಅಂದ್ರೆ ಕಾರ್ಡ್ ಬಿಲ್ಲಿನ ಥರ ಬಾಗಿಬಿಡುತ್ತೆ. ಡೆಕ್‌ನಲ್ಲಿ ನಾಲ್ಕು ಚಾರಿಜಾರ್ಡ್ ಇಎಕ್ಸ್ ಮಾತ್ರ ಬಾಗಿದ್ದು ಉಳಿದವು ನೆಟ್ಟಗಿದ್ರೆ ಯಾವುದು ಎಲ್ಲಿದೆ ಅಂತ ಹಿಂಬದಿಯಿಂದಾನೇ ಗೊತ್ತಾಗುತ್ತೆ, ಜಡ್ಜ್ ಅದನ್ನ ಗುರುತು ಹಾಕಿದ ಕಾರ್ಡ್ ಅಂತ ಹಿಡಿಯಬಹುದು, ನಿಮ್ಮ ಮಗನ ತಪ್ಪು ಏನೂ ಇಲ್ದೇ ಇದ್ರೂ. ಗಾಳಿ ಆಡದ ಡಬ್ಬಿಯೊಳಗೆ ಹೊಸ ಚಪ್ಪಲಿ ಜೊತೆ ಬರೋ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಎಲ್ಲಾ 60ಕ್ಕೂ ಒಂದೇ ಪ್ಯಾಕೆಟ್ಟಿನ ಸ್ಲೀವ್ (ಪ್ಲಾಸ್ಟಿಕ್ ಕವರ್) ಹಾಕಿ, ಅಷ್ಟಾದ್ಮೇಲೂ ಯಾವ್ದಾದ್ರೂ ಬಾಗಿದ್ರೆ ಹೊಳೆಯದ ಮಾಮೂಲಿ ಪ್ರತಿ ಇದ್ರೆ ಅದನ್ನೇ ಆಟಕ್ಕೆ ಹಾಕಿ ಹೊಳೆಯೋದನ್ನ ಫೈಲಲ್ಲಿ ಇಡ್ಲಿ.